‘ಏನೂ ಕಾಣಲಿಲ್ಲ’ ಎಂದು ಬರೆಯಲೊಲ್ಲದ ಮುದ್ದಮ್ಮ

ಬೆಳಗಿನ ಆರೂಮುಕ್ಕಾಲು. ಜಾವಗಲ್ ಕಡೆಯ ಪುಟ್ಟ ಸರ್ಕಾರಿ ಆಸ್ಪತ್ರೆಯ ಲ್ಯಾಬು. ಬೀಗ ತೆಗೆದ ಕೂಡಲೇ ಮುದ್ದಮ್ಮ ಮಾಡುವ ಮೊದಲ ಕೆಲಸ ಹಳೆಯ ಮೈಕ್ರೊಸ್ಕೋಪನ್ನು ಪೂರ್ವದ ಕಿಟಕಿಯ ಪಕ್ಕಕ್ಕೆ ಎಳೆದು, ಅದರ ಕನ್ನಡಿಯನ್ನು ಬಿಸಿಲಿಗೆ ತಿರುಗಿಸುವುದು. ಕರೆಂಟು ಯಾವಾಗ ಕೈಕೊಡುತ್ತದೋ ಹೇಳಲಾಗದು, ಸೂರ್ಯ ಮಾತ್ರ ರಜೆ ಹಾಕುವುದಿಲ್ಲ. ಹೊರಗಿನ ಬೆಂಚಿನ ಮೇಲೆ ರೈತ ಕರಿಬಸವಯ್ಯ ಆಗಲೇ ಬಂದು ಕುಳಿತಿದ್ದಾರೆ, ಎರಡು ಕೈಯಲ್ಲೂ ಒಂದೊಂದು ಡಬ್ಬಿ. ಪಕ್ಕದಲ್ಲಿ ನಾಲ್ಕು ವರ್ಷದ ಮೊಮ್ಮಗಳು ರಾಣಿ ಕಾಲು ಆಡಿಸುತ್ತಿದ್ದಾಳೆ. ಮೂರು ವಾರದ ಹಿಂದೆ ಈ ಮಗುವಿಗೆ ಕತ್ತು ನಿಲ್ಲಿಸುವ ತ್ರಾಣವೂ ಇರಲಿಲ್ಲ. ರೋಗ ಪೂರ್ತಿ ಹೋಗಿದೆಯೋ ಇಲ್ಲವೋ ಇವತ್ತು ಗೊತ್ತಾಗಬೇಕು.

ಮುದ್ದಮ್ಮನಿಗೆ ಈಗ ಐವತ್ತೊಂದು. ಇಪ್ಪತ್ತೆರಡು ವರ್ಷದಿಂದ ಬಾಣಾವರದಲ್ಲಿ ಮೊದಲ ಬಸ್ಸು ಹಿಡಿದು ಬರುತ್ತಾರೆ. ದಿನಕ್ಕೆ ನಲವತ್ತರ ಮೇಲೆ ರಕ್ತಪರೀಕ್ಷೆ, ಹತ್ತೋ ಹನ್ನೆರಡೋ ಕಫ, ನಾಲ್ಕೈದು ಮಲಪರೀಕ್ಷೆ. ಈ ಕೊನೆಯದನ್ನು ಜನ ತರುವ ಬಗೆ ಕೇಳಿದರೆ ನಗು ತಡೆಯಲಾಗುವುದಿಲ್ಲ. ಆಸ್ಪತ್ರೆ ಕೊಟ್ಟ ಡಬ್ಬಿ ಚೆನ್ನಾಗಿದೆಯೆಂದು ಅಡುಗೆಮನೆಯಲ್ಲಿ ಸಾಸಿವೆ ತುಂಬಿಕೊಳ್ಳುತ್ತದೆ, ತರಬೇಕಾದದ್ದು ಬೆಂಕಿಪೊಟ್ಟಣದಲ್ಲಿ ಬರುತ್ತದೆ. ಅದನ್ನೂ ಯಾರೂ ನೋಡದ ಹಾಗೆ ಮೇಜಿನ ಮೇಲಿಟ್ಟು ಓಡುತ್ತಾರೆ. ಹೆಸರು ಕೇಳಲು ಮುದ್ದಮ್ಮ ಅವರ ಹಿಂದೆ ಬಸ್‌ಸ್ಟ್ಯಾಂಡಿನವರೆಗೂ ಓಡಿದ್ದುಂಟು.

ಮನೆಯವರಿಗೆ ಈ ಕೆಲಸ ಬಹಳ ಕಾಲ ಹಿಡಿಸಲಿಲ್ಲ. ನಾದಿನಿ ಸಾವಿತ್ರಮ್ಮ ಹಬ್ಬದ ದಿನ ಇವರನ್ನು ಒಲೆಯ ಹತ್ತಿರ ಸೇರಿಸುತ್ತಿರಲಿಲ್ಲ. ಆ ನೋವು ಸಣ್ಣದೇನಲ್ಲ, ಆದರೂ ಮುದ್ದಮ್ಮ ಅದನ್ನು ನಗುತ್ತಲೇ ಹೇಳುತ್ತಾರೆ. “ನನ್ ಕೈ ದಿನಕ್ಕೆ ಮೂವತ್ತು ಸಲ ಸೋಪು ಕಾಣ್ತದೆ. ಇಡೀ ಮನೇಲಿ ನನ್ನಷ್ಟು ಶುದ್ಧದ ಕೈ ಇನ್ಯಾರ್ದೈತೆ?”

ಮೂರು ವಾರದ ಹಿಂದೆ ಇಲ್ಲಿಗೆ ಕರೆತಂದಾಗ ರಾಣಿಯ ಭೇದಿ ಹನ್ನೆರಡು ದಿನವಾದರೂ ನಿಂತಿರಲಿಲ್ಲ. ಮೊದಲ ದಿನ ಎಂದಿನಂತೆ ಸ್ಲೈಡ್ ನೋಡಿ ಮುದ್ದಮ್ಮ ‘ಏನೂ ಕಾಣಲಿಲ್ಲ’ ಎಂದು ಬರೆದುಕೊಟ್ಟರು. ಬರೆದರೇ ಹೊರತು ಮನಸ್ಸು ಒಪ್ಪಲಿಲ್ಲ. ಮಗು ಬಾಡಿ ಮಲಗಿದೆ, ಚೀಟಿಯಲ್ಲಿ ಮಾತ್ರ ಎಲ್ಲ ಸರಿಯಾಗಿದೆ. ಮರುದಿನ ಅಜ್ಜನನ್ನು ಕರೆದು ವಿಚಾರಿಸಿದರು. ಊರಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ್ದಾರೆ, ನೀರಲ್ಲಿ ದೋಷವಿಲ್ಲ ಎಂದು ಅವರು ಸಾಧಿಸಿದರು. ಮನೆಯಲ್ಲಿ ಎಳೆಗರು ಇದೆಯೇ ಎಂದು ಮುದ್ದಮ್ಮ ಕೇಳಿದಾಗ, ಸುಸ್ತಾಗಿ ಮಲಗಿದ್ದ ರಾಣಿ ಕರು ಚೀಪುವ ಎರಡು ಬೆರಳನ್ನು ಹೆಮ್ಮೆಯಿಂದ ಚಾಚಿದಳು.

ತಾಯಿ ಹಾಲೂಡಿಸದ ಕರುವಿಗೆ ಬಕೆಟ್ಟಿನ ಹಾಲು ಕುಡಿಯಲು ಕಲಿಸಬೇಕಾದರೆ, ಬೆರಳನ್ನು ಹಾಲಿಗೆ ಅದ್ದಿ ಅದರ ಬಾಯಿಗಿಡುತ್ತಾರೆ. ಕರು ಬೆರಳು ಚೀಪುತ್ತಾ ಬಕೆಟ್ಟಿಗೆ ಮೂತಿ ಇಡುತ್ತದೆ. ಆ ಮನೆಯಲ್ಲಿ ಈ ಕೆಲಸ ಮುದ್ದಿನ ಮೊಮ್ಮಗಳದು. ಕರುವಿಗೂ ಭೇದಿಯಿತ್ತು, ಎಳೆಯದಕ್ಕೆ ಅದೆಲ್ಲ ಇದ್ದದ್ದೇ ಎಂದು ಬಿಟ್ಟಿದ್ದರು. ಅದೇ ಬೆರಳಲ್ಲಿ ಮಗು ಕಡ್ಲೆಪುರಿ ತಿನ್ನುತ್ತಿತ್ತು.

ಮುದ್ದಮ್ಮ ಟಿಬಿ ಕಫಕ್ಕೆ ಹಾಕುವ ಕೆಂಪು ಬಣ್ಣವನ್ನೇ ಸ್ಲೈಡಿಗೆ ಹಾಕಿದರು, ತೊಳೆಯುವ ಆಸಿಡ್ ಮಾತ್ರ ತೀರಾ ತೆಳುವು, ಮೇಲೊಂದು ನೀಲಿ ಬಣ್ಣ. ಎಂದೋ ತರಬೇತಿಯಲ್ಲಿ ಕಲಿತು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡ ಕ್ರಮ ಅದು. ನೀಲಿಯ ನಡುವೆ ದುಂಡಗಿನ ಕೆಂಪು ಕಾಳುಗಳು ಕಂಡವು. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ, ಕರುವಿನಿಂದ ಬೆರಳಿಗೆ ಹತ್ತಿ ಮಗುವಿನ ಕರುಳಿನಲ್ಲಿ ಬೀಡುಬಿಟ್ಟಿತ್ತು. ಬ್ಲೀಚಿಂಗ್ ಪುಡಿಗೆ ಬಗ್ಗುವ ಜೀವವಲ್ಲ ಅದು, ನೀರು ಕುದಿಸಿದರೆ ಮಾತ್ರ ಸಾಯುತ್ತದೆ. ಡಾಕ್ಟರ್ ಹೇಮಾಶ್ರೀ ಮೂರು ದಿನದ ಔಷಧಿ, ಓಆರ್‌ಎಸ್, ಜಿಂಕ್ ಬರೆದರು. ವಾರದೊಳಗೆ ಭೇದಿ ನಿಂತಿತು, ಮಗು ಮುದ್ದೆ ಕೇಳಿತು.

ಇವತ್ತು ಕರಿಬಸವಯ್ಯ ಡಬ್ಬಿಗಳನ್ನು ಮೇಜಿನ ಮೇಲಿಡುತ್ತಿದ್ದಂತೆ ಮುದ್ದಮ್ಮ ಅಭ್ಯಾಸಬಲದಿಂದ ಒಂದನ್ನು ಎಳೆದುಕೊಂಡು ‘ರಾಣಿ, 4 ವರ್ಷ, ಮಲ’ ಎಂದು ಚೀಟಿ ಬರೆದು ಅಂಟಿಸಿಯೇ ಬಿಡುತ್ತಾರೆ.

“ಮೇಡಮ್ಮೋರೆ,” ಕರಿಬಸವಯ್ಯ ಸಂಕೋಚದಿಂದ ಹೇಳುತ್ತಾರೆ, “ಅದು ಗಿಣ್ಣು. ಇನ್ನೊಂದ್ ಹಸ ಕರ ಹಾಕ್ತು, ನಿಮ್ಗೇ ಅಂತ ಬೇಯ್ಸಿ ತಂದಿವ್ನಿ.”

ಲ್ಯಾಬಿನ ಹೊರಗಿನ ಸಾಲೆಲ್ಲ ನಗುತ್ತದೆ. ಗಿಣ್ಣಿನ ಡಬ್ಬಿ ಹೊರಗಿನ ಕಪಾಟು ಸೇರುತ್ತದೆ, ಚೀಟಿ ಸೇರಬೇಕಾದ ಡಬ್ಬಿಗೆ ಸೇರುತ್ತದೆ. ಆಮೇಲೆ ಬಣ್ಣ ಹಾಕಿ, ತೊಳೆದು, ಒಣಗಿಸಿ, ಮುದ್ದಮ್ಮ ಕಿಟಕಿಯ ಬಿಸಿಲಿನಲ್ಲಿ ಒಂದೇ ಸ್ಲೈಡನ್ನು ಮುಕ್ಕಾಲು ಗಂಟೆ ನೋಡುತ್ತಾರೆ. ಮೂಲೆ ಮೂಲೆಯೂ ನೀಲಿ. ಇನ್ನೊಂದು ಸ್ಲೈಡ್ ಮಾಡಿ ಅದನ್ನೂ ನೋಡುತ್ತಾರೆ. ಕರಿಬಸವಯ್ಯ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಾರೆ.

ನಿಮಗೇನು ಬೇಕು ಎಂದು ಕೇಳಿದರೆ ಮುದ್ದಮ್ಮ ಹೊಸ ಮೈಕ್ರೊಸ್ಕೋಪು ಕೇಳುವುದಿಲ್ಲ. ಕೊಟ್ಟಿಗೆಯ ಬಾಗಿಲಿಗೊಂದು ಸೋಪು, ಒಂದು ಚೊಂಬು ನೀರು ಇರಬೇಕು, ಅಷ್ಟೇ. ರಾಣಿಯ ಮನೆಯಲ್ಲಿ ಈಗ ಎರಡೂ ಇವೆ. ಹೊಸ ಕರುವಿಗೆ ಬೆರಳು ಕೊಡುವ ಕೆಲಸ ಅಜ್ಜನಿಗೆ ಬಿದ್ದಿದೆ, ಕೈ ತೊಳೆದರೋ ಇಲ್ಲವೋ ಎಂದು ಮೂಸಿ ನೋಡುವ ಕೆಲಸ ರಾಣಿಯದು.

ಮುದ್ದಮ್ಮ ಪೆನ್ನು ತೆಗೆದು ಚೀಟಿಯಲ್ಲಿ ನಿಧಾನವಾಗಿ ಬರೆಯುತ್ತಾರೆ: ಏನೂ ಕಾಣಲಿಲ್ಲ.

“ಇವತ್ ಇದನ್ ಬರೆಯಕ್ಕೆ ನಂಗೇನೂ ಬೇಜಾರಿಲ್ಲ ಯಜಮಾನ್ರೆ,” ಎನ್ನುತ್ತಾರೆ, “ಎರಡೆರಡ್ ಸಲ ಹುಡ್ಕಿ ಬರ್ದಿವ್ನಿ.”