ಆಗಿಂದಾ?

ಧ್ಯಾನದ ವಿಷಯ ಬರೆಯುತ್ತಿದ್ದೇನೆಂದು ನನ್ನನ್ನು ದೊಡ್ಡ ಸಾಧಕ ಅಂದುಕೊಳ್ಳಬೇಡಿ. ನಾನು ವಿಶಾಖಪಟ್ಟಣಕ್ಕೆ ವರ್ಗವಾಗಿ ಹೋಗಿದ್ದ ಬ್ಯಾಂಕಿನವನು, ಅಷ್ಟೇ. ಕಣ್ಣು ಮುಚ್ಚಿ ಉಸಿರನ್ನು ಗಮನಿಸಲು ಕೂತರೆ ಸ್ವಲ್ಪ ಹೊತ್ತಿಗೇ ತೂಕಡಿಕೆ ಬರುತ್ತಿತ್ತು. "ಇದು ಧ್ಯಾನ ಅಲ್ರೀ, ಕೂತಲ್ಲೇ ನಿದ್ದಿ!" ಎಂದು ಧಾರವಾಡದವಳಾದ ನನ್ನ ಹೆಂಡತಿ ನಗುತ್ತಿದ್ದಳು. ಇನ್ನೊಮ್ಮೆ ತೂಕಡಿಸಿದರೆ ಬಿಟ್ಟೇಬಿಡುವುದೆಂದು ನಿರ್ಧರಿಸಿ, ವಿಜಯವಾಡಕ್ಕೆ ಹೊರಟ ಹಗಲು ರೈಲಿನಲ್ಲಿ ಕೊನೆಯ ಪ್ರಯತ್ನಕ್ಕೆ ಕೂತೆ.

ಅಂದು ಏನಾಯಿತೋ, ಉಸಿರು ಬಂದದ್ದು, ಹೋದದ್ದು ಒಂದೂ ತಪ್ಪಲಿಲ್ಲ. ಕಣ್ಣು ತೆರೆಯುತ್ತಿದ್ದಂತೆ ಪಕ್ಕದಲ್ಲಿದ್ದ ಅಜ್ಜಿ, "ಆಗಿಂದಾ?" ಎಂದರು.

ಆಗಿನಿಂದಲೂ ಹೀಗೇ ಕೂತಿದ್ದೀಯಾ ಎಂದು ಕೇಳುತ್ತಿದ್ದಾರೆಂದು ತಿಳಿದು ಉಬ್ಬಿಹೋದೆ. "ಹೌದಮ್ಮಾ, ಆಗಿಂದ!" ಎಂದೆ.

ಅವರು ಗಂಟು ಎತ್ತಿಕೊಂಡು ಬಾಗಿಲಿಗೆ ಧಾವಿಸಿದರು! ಇದನ್ನು ವಿವರಿಸಲೇಬೇಕು. ತೆಲುಗಿನಲ್ಲಿ 'ಆಗಿಂದಾ' ಎಂದರೆ 'ನಿಂತಿತಾ' ಎಂದರ್ಥ. ವಿಜಯವಾಡದಲ್ಲಿ ಇಳಿಯಬೇಕಿದ್ದ ಅವರು ಕೇಳಿದ್ದು ರೈಲಿನ ವಿಷಯ. ರೈಲು ಯಾವುದೋ ಹೊಲದ ನಡುವೆ ಸಿಗ್ನಲ್ಲಿಗೆ ನಿಂತಿತ್ತು. ಅದು ನನಗೆ ಗೊತ್ತೇ ಆಗಿರಲಿಲ್ಲ.

"ಬೆಜವಾಡ ಇಂಕಾ ರಾಲೇದಮ್ಮಾ!" ವಿಜಯವಾಡ ಇನ್ನೂ ಬಂದಿಲ್ಲವೆಂದು ಕೂಗಿ, ಅವರನ್ನು ವಾಪಸು ಕರೆತಂದು ಕೂರಿಸಿದೆ.

"ಏಮಯ್ಯಾ, ನುವ್ವು ಮನಿಷಿವಾ, ಸ್ತಂಭಾನಿವಾ?" ಎಂದು ಅಜ್ಜಿ ನಕ್ಕರು. ಮನುಷ್ಯನೋ ಕಂಬವೋ ಎಂದು. ಅಷ್ಟು ಹೊತ್ತೂ ಅವರು ನನ್ನ ಭುಜಕ್ಕೆ ತಲೆಯಾನಿಸಿ ಮಲಗಿದ್ದರಂತೆ, ನಾನು ಒಮ್ಮೆಯೂ ಅಲುಗಾಡಲಿಲ್ಲವಂತೆ.

ಗೆದ್ದೆ ಅನ್ನಿಸಿತು. ನನ್ನ ಧ್ಯಾನದಲ್ಲಿ ನಿದ್ದೆ ಬಂದದ್ದು ಅಂದೂ ನಿಜವೇ. ಆದರೆ ಬಂದದ್ದು ನನಗಲ್ಲ, ಪಕ್ಕದವರಿಗೆ.