ಮನೆದೇವರ ಹೆಸರಿನ ಪಾಸ್‌ವರ್ಡ್

೨೦೦೪ರಲ್ಲಿ ನಾನು ಇಳಕಲ್‌ನಲ್ಲಿ ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಬಾಗಲಕೋಟೆಯಲ್ಲಿ ಡಿಪ್ಲೊಮಾ ಮುಗಿಸಿ, ಬಸ್ ನಿಲ್ದಾಣದ ಹಿಂದೆ ಒಂದು ಸಣ್ಣ ಅಂಗಡಿ ಹಿಡಿದಿದ್ದೆ. ಹೆಣ್ಣುಮಗಳು ಸ್ಕ್ರೂಡ್ರೈವರ್ ಹಿಡಿದು ಬಂದಳೆಂದು ಕೆಲವರು ನಗುತ್ತಿದ್ದರು. ನಕ್ಕವರ ಕಂಪ್ಯೂಟರ್ ಕೆಟ್ಟಾಗ ಅವರೂ ನನ್ನನ್ನೇ ಕರೆಯುತ್ತಿದ್ದರು.

ನನ್ನದೊಂದು ಪದ್ಧತಿಯಿತ್ತು. ಮನೆಯವರು ಪಾಸ್‌ವರ್ಡ್ ಒತ್ತುವಾಗ ನಾನು ಗೋಡೆಯ ಕಡೆ ತಿರುಗಿಬಿಡುತ್ತಿದ್ದೆ. "ನೋಡ್ರಿ ಅಕ್ಕಾರ, ನಿಮ್ಮಿಂದ ಮುಚ್ಚಿಡೂದು ಏನೈತಿ?" ಎಂದು ಜನ ನಗುತ್ತಿದ್ದರು. ನಿಜ ಹೇಳಬೇಕೆಂದರೆ ನೋಡುವ ಅಗತ್ಯವೂ ಇರುತ್ತಿರಲಿಲ್ಲ. ಹುನಗುಂದದ ಮನೆಯಾದರೆ ಸಂಗಮೇಶ್ವರ, ಶಿರೂರಿನದಾದರೆ ಸಿದ್ಧೇಶ್ವರ. ಕಂಪ್ಯೂಟರ್ ಮನೆಗೆ ಬಂದ ದಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಪಾಸ್‌ವರ್ಡ್ ಇಡಿ ಎಂದು ನಾನು ಹೇಳಿದರೆ ಕೈಮುಗಿದು ಮನೆದೇವರ ಹೆಸರು ಹೇಳುತ್ತಿದ್ದರು. ಬೇಡವೆಂದರೆ ಅಪಶಕುನ ನುಡಿದಂತೆ ನನ್ನನ್ನು ನೋಡುತ್ತಿದ್ದರು.

ಆ ವರ್ಷ ನೇಕಾರರ ಓಣಿಯ ಈರಪ್ಪನವರ ಮನೆಯಿಂದ ಕರೆ ಬಂತು. ಕೈಮಗ್ಗದ ಹಳೆಯ ಮನೆತನ. ಸೊಸೆ ಗಿರಿಜಾ ಸೀರೆಯ ದಡಿ, ಅಂದರೆ ಅಂಚಿನ ಹೊಸ ವಿನ್ಯಾಸಗಳನ್ನು ಕಂಪ್ಯೂಟರಿನಲ್ಲಿ ಬರೆದು, ಪುಣೆಯ ವ್ಯಾಪಾರಿಗೆ ಇ-ಮೇಲ್ ಮಾಡುತ್ತಿದ್ದಳು. ಒಪ್ಪಿಗೆ ಬಂದ ಮೇಲೆ ಮಗ್ಗಕ್ಕೆ ಏರಿಸುತ್ತಿದ್ದರು. ಆದರೆ ಇವರ ಸೀರೆ ಮಗ್ಗದಿಂದ ಇಳಿಯುವ ಮೊದಲೇ ಅದೇ ದಡಿಯ ಪವರ್‌ಲೂಮ್ ಸೀರೆ ಪೇಟೆಗೆ ಬರತೊಡಗಿತ್ತು. ಒಮ್ಮೆಯಲ್ಲ, ಮತ್ತೆ ಮತ್ತೆ.

ಗಿರಿಜಾಳ ಅಣ್ಣನಿಗೆ ಕುಳಗೇರಿ ಕ್ರಾಸಿನಲ್ಲಿ ಬಟ್ಟೆ ಅಂಗಡಿಯಿತ್ತು. ಅಷ್ಟೇ ಸಾಕಾಯಿತು. ಸೊಸೆ ತವರಿಗೆ ವಿನ್ಯಾಸ ದಾಟಿಸುತ್ತಿದ್ದಾಳೆ ಎಂದು ಮನೆಯವರು ತೀರ್ಮಾನಿಸಿ ಆಗಿತ್ತು. ನನ್ನನ್ನು ಕರೆಸಿದ್ದು ಅದಕ್ಕೇ.

"ಕಂಪ್ಯೂಟರ್ ಆಕಿ ಕೈಗೆ ಸಿಗಧಂಗ ಮಾಡು ತಂಗಿ. ಐತವಾರ ಆಕೀನ ತವರಿಗೆ ಬಿಟ್ಟು ಬರ್ತೇವಿ," ಎಂದರು ಈರಪ್ಪನವರು. ಸೊಸೆ ಬಾಗಿಲ ಬಳಿಯೇ ನಿಂತಿದ್ದಳು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ಗಂಡ ಮಹಾಂತೇಶ ತಲೆ ಎತ್ತಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ನ್ಯಾಯ ಕಂಡು ನನಗೆ ಮೈಯೆಲ್ಲ ಉರಿಯಿತು. ನಾನು ಗಿರಿಜಾಳನ್ನೇ ಕೇಳಿದೆ: "ನಿಮಗೇನರ ಸಂಶೆ ಬಂದಿತ್ತೇನ್ರಿ?"

"ನಾ ತೆರಿಯೂಕಿಂತ ಮೊದಲ ಮೇಲ್ ತೆರದಿರ್ತಾವ್ರಿ ಅಕ್ಕಾರ. ಹೇಳಿದೆ. ಯಾರೂ ಕೇಳಲಿಲ್ರಿ."

ಓದದ ಪತ್ರದ ಹೆಸರು ದಪ್ಪ ಅಕ್ಷರದಲ್ಲಿ ಕಾಣುತ್ತದೆ, ಯಾರಾದರೂ ತೆರೆದರೆ ತೆಳ್ಳಗಾಗುತ್ತದೆ. ಅವಳು ಅದನ್ನು ಗಮನಿಸಿದ್ದಳು. ಅವಳ ಒಪ್ಪಿಗೆ ಪಡೆದು ನಾನು ಕುರ್ಚಿಯಲ್ಲಿ ಕುಳಿತೆ. ಮೋಡೆಮ್ ಕಿರುಚಿ ಲೈನ್ ಸಿಕ್ಕಿತು.

"ಕಾಕಾ, ನಿಮ್ಮ ಮನಿದೇವ್ರು ಯಾರ್ರಿ?"

"ಬಾದಾಮಿ ಬನಶಂಕರವ್ವ."

ಗಿರಿಜಾಳ ಇ-ಮೇಲ್ ಪಾಸ್‌ವರ್ಡ್ ಕೇಳಿದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬನಶಂಕರಿ ಎಂದು ಒತ್ತಿದೆ. ಬಾಗಿಲು ತೆರೆಯಿತು. ಗಿರಿಜಾಳ ವಿನ್ಯಾಸಗಳೆಲ್ಲ ಸಾಲಾಗಿ ಪರದೆಯ ಮೇಲೆ ನಿಂತವು. ಈರಪ್ಪನವರು ಕನ್ನಡಕ ಸರಿಮಾಡಿಕೊಂಡರು. ಆ ಪಾಸ್‌ವರ್ಡ್ ಇಡಿಸಿದವರು ಅವರೇ.

"ನಿಮ್ಮ ಮನಿದೇವ್ರು ಊರಾಗ ಯಾರ್ಯಾರಿಗೆ ಗೊತ್ತೈತ್ರಿ?" ಎಂದೆ.

"ಗೊತ್ತಿಲ್ಲದವ್ರು ಯಾರದಾರ?"

"ಹಂಗಾದ್ರ ಕಳ್ಳರು ಊರ ತುಂಬ ಇರಬಹುದು. ಒಬ್ಬಾಕೀನ ಯಾಕ ಹಿಡಿದೀರಿ? ಯಾವ ಇಂಟರ್ನೆಟ್ ಸೆಂಟರಿನ್ಯಾಗ ಕುಂತರೂ ಈ ಬಾಗಿಲ ತೆರೀತೈತಿ."

ಮಗ್ಗದ ಸದ್ದು ನಿಂತಿತ್ತು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾದರೂ ಹಾಕಲೇಬೇಕಿತ್ತು. ವೈರಸ್ ಹುಡುಕಿ ತೆಗೆದೆ. ಪಾಸ್‌ವರ್ಡನ್ನು ತಾನೇ ನೆನಪಿಟ್ಟುಕೊಳ್ಳುವ ಆಯ್ಕೆಯನ್ನು ಕಂಪ್ಯೂಟರಿನಿಂದ ತೆಗೆದೆ. ಒಬ್ಬೊಬ್ಬರಿಗೂ ಬೇರೆ ಯೂಸರ್ ಅಕೌಂಟ್, ಅಂದರೆ ಒಂದೇ ಯಂತ್ರದಲ್ಲಿ ಅವರವರದೇ ಕೋಣೆ, ಮಾಡಿಕೊಡುತ್ತೇನೆಂದೆ. ಈರಪ್ಪನವರು ತಮಗೆ ಬೇಡವೆಂದರು. ಪಾಸ್‌ವರ್ಡ್ ಮರೆತರೆ ಕೇಳುವ ಗುಟ್ಟಿನ ಪ್ರಶ್ನೆ ತಾಯಿ ಹುಟ್ಟಿದ ಊರಿನದಾಗಿತ್ತು. ಅದೂ ಓಣಿಗೆಲ್ಲ ಗೊತ್ತು. ಅಲ್ಲಿ ಸುಳ್ಳು ಉತ್ತರ ಬರೆ ಎಂದು ಗಿರಿಜಾಳಿಗೆ ಹೇಳಿದೆ. ದೇವರ ಮುಂದೆ ಸುಳ್ಳು ಹೇಳಬಾರದು, ಯಂತ್ರದ ಮುಂದೆ ಧಾರಾಳವಾಗಿ ಹೇಳಬಹುದು. ಆಮೇಲೆ ಎದ್ದು ಗೋಡೆಯ ಕಡೆ ತಿರುಗಿದೆ. ಅವಳು ಹೊಸ ಪಾಸ್‌ವರ್ಡ್ ಒತ್ತಿದಳು.

"ಏನಿಟ್ಟಿ?" ಎಂದು ಕೇಳಿದರು ಮಾವ.

"ಹೇಳೂದಿಲ್ರಿ ಮಾವಾರ."

"ಮನಿ ಹಿರೇರಿಗೆ ಮುಚ್ಚುಮರಿ?"

"ನಿಮಗ ಹೇಳಿದೆ ಅಂದ್ರ, ನಾಳೆ ಮತ್ತ ಕಳುವಾದ್ರ, ನಾ ಯಾರ ಹೆಸರ ಹೇಳಲಿ? ನನ್ನ ಮ್ಯಾಲೆ ಹೊರಿಸಿದ್ರಲ್ಲ, ಹಂಗ ನಿಮ್ಮ ಮ್ಯಾಲೆ ಹೊರಿಸೂದು ನನಗ ಬ್ಯಾಡ್ರಿ."

ಆ ಹುಡುಗಿಯ ಬಗ್ಗೆ ನನಗೆ ಅಂದು ಹುಟ್ಟಿದ ಹೆಮ್ಮೆ ಇನ್ನೂ ಹಾಗೇ ಇದೆ.

ಭಾನುವಾರ ಅವಳನ್ನು ತವರಿಗೆ ಕಳಿಸಲಿಲ್ಲ. ಆದರೆ ಅದೇ ವಾರ ಈರಪ್ಪನವರು ನನ್ನ ಅಂಗಡಿಗೆ ಬಂದರು. "ಕೀಲಿ ಹಾಕಿದಾಕಿ ನೀ. ಆಕಿ ಏನ ಬರೀತಾಳ ಅಂತ ಹಿಂದಿನ ಬಾಗಿಲಿನಿಂದ ನೋಡಾಕ ದಾರಿ ಇರಬೇಕಲ್ಲ?"

ಇತ್ತು. ಒತ್ತಿದ ಪ್ರತಿ ಅಕ್ಷರವನ್ನೂ ಕದ್ದು ಬರೆದಿಡುವ ಪ್ರೋಗ್ರಾಮ್‌ಗಳು ಆಗಲೇ ಬಂದಿದ್ದವು.

"ಐತ್ರಿ. ನಾ ಮಾಡೂದಿಲ್ರಿ," ಎಂದೆ.

"ಹಂಗಾದ್ರ ನಮ್ಮ ಓಣ್ಯಾಗ ನಿನಗ ಕೆಲಸಿಲ್ಲ."

"ಬ್ಯಾಡ್ರಿ."

ಅವರು ಹೇಳಿದಂತೆಯೇ ನಡೆಸಿದರು. ಆ ಓಣಿಯ ಒಂದು ಮನೆಯೂ ನನ್ನನ್ನು ಕರೆಯಲಿಲ್ಲ. ಬೆಳಗಿನ ಬಸ್ಸಿಗೆ ಹುನಗುಂದ, ಬಾದಾಮಿ ಎಂದು ಅಲೆದು ದುಡಿದೆ. ತಪ್ಪಾಯಿತೆಂದು ಹೇಳಿ ಕಳಿಸು ಎಂದು ನಮ್ಮಪ್ಪನೇ ಅಂದ. ಯಾವ ತಪ್ಪಿಗೆ ಎಂದು ಕೇಳಿದೆ. ಇವತ್ತಿಗೂ ಯಾರಾದರೂ ಹೇಳಲಿ, ಯಾವ ತಪ್ಪಿಗೆ?

ದೀಪಾವಳಿಗೆ ಗಿರಿಜಾಳ ಹೊಸ ದಡಿಯ ಸೀರೆ ಪೇಟೆಗೆ ಬಂತು. ಅವರ ಮಗ್ಗದಿಂದಲೇ, ಎಲ್ಲರಿಗಿಂತ ಮೊದಲು. ಕದ್ದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಕದಿಯುವುದಂತೂ ನಿಂತಿತು.

ಹಬ್ಬ ಮುಗಿದ ಮೇಲೆ ಮಹಾಂತೇಶ ತಾನೇ ಬಂದು ನನ್ನನ್ನು ಕರೆದೊಯ್ದ. ಈರಪ್ಪನವರು ಕಂಪ್ಯೂಟರಿನ ಮುಂದೆ ಕುಳಿತಿದ್ದರು. ಕ್ಷಮೆಯ ಮಾತೇನೂ ಬರಲಿಲ್ಲ, ನಾನೂ ಕಾಯಲಿಲ್ಲ.

"ನನಗೂ ಒಂದು ಬ್ಯಾರೆ ಅಕೌಂಟ್ ಮಾಡಿ ಕೊಡು ತಂಗಿ. ಸೊಲ್ಲಾಪುರದ ನನ್ನ ತಂಗೀಗೆ ಬರೀಬೇಕಾಗೇತಿ. ಅಣ್ಣ-ತಂಗೀ ಮಾತು ಮನಿಮಂದೆಲ್ಲ ಓದೂದು ಬ್ಯಾಡ."

ಮಾಡಿಕೊಟ್ಟೆ. ಪಾಸ್‌ವರ್ಡಿನ ಜಾಗ ಬಂತು. ಅವರು ಎಡಗೈಯಿಂದ ಕೀಬೋರ್ಡನ್ನು ಮರೆಮಾಡಿ, "ಆ ಕಡಿ ಮುಖ ಮಾಡು," ಎಂದರು. ಚಹಾ ತಂದಿದ್ದ ಗಿರಿಜಾಳಿಗೂ, "ನೀನೂ," ಎಂದರು.

ನನ್ನ ವೃತ್ತಿ ನನಗೆ ಕಲಿಸಿದ ದೊಡ್ಡ ಪಾಠ ಇಷ್ಟೇ: ಕೀಲಿ ಹಾಕಿದವರನ್ನು ಅನುಮಾನಿಸಬೇಡಿ, ಮುಖ ತಿರುಗಿಸಿ ನಿಲ್ಲಿ. ನಾವಿಬ್ಬರೂ ಗೋಡೆ ನೋಡುತ್ತ ನಿಂತೆವು. ಒಂದೇ ಬೆರಳಿನಲ್ಲಿ ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತುವುದು ಬಹಳ ಹೊತ್ತು ಕೇಳಿಸುತ್ತಿತ್ತು. ಏನಿಟ್ಟರೋ ನನಗೆ ಗೊತ್ತಿಲ್ಲ. ಬನಶಂಕರಿಗಿಂತ ಉದ್ದವಿತ್ತು.