ರತ್ನಗಂಬಳಿಗೆ ನೀರು ತಾಗಬಾರದು

ಬೆಂಕಿಕಡ್ಡಿ ಗೀರುವ ಸದ್ದಿಗೆ ನಾನು ಈಗಲೂ ಬೆಚ್ಚುತ್ತೇನೆ. ಸಂಜೆ ಅತ್ತೆ ದೀಪ ಹಚ್ಚುವ ಹೊತ್ತಿಗೆ ದೇವರ ಕೋಣೆಯ ಬಾಗಿಲಲ್ಲಿ ನನಗೆ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತದೆ. ಒರೆಸಿದ ಹೊಸ್ತಿಲನ್ನೇ ಮತ್ತೆ ಒರೆಸುತ್ತೇನೆ. ಇದಕ್ಕೆಲ್ಲ ಪರ್ಶಿಯಾದ ಒಂದು ರತ್ನಗಂಬಳಿ ಕಾರಣವೆಂದರೆ ಸಿದ್ದಾಪುರದಲ್ಲಿ ಯಾರೂ ನಂಬುವುದಿಲ್ಲ.

ಅದು ಬಂದದ್ದು ಶಿರಸಿಯಿಂದ, ಲಾರಿಯಲ್ಲಿ. ನನ್ನ ಗಂಡನ ಗೆಳೆಯ ರಫೀಕ್ ಅಲ್ಲಿ ಲಾರಿಗಳನ್ನಿಟ್ಟುಕೊಂಡಿದ್ದಾರೆ. ಅವರು ಚಿಕ್ಕ ಮನೆಗೆ ಹೋಗುವಾಗ, ತಂದೆ ಎಂದೋ ಕೊಲ್ಲಿ ದೇಶದಿಂದ ತಂದ ಗಂಬಳಿಗೆ ಜಾಗ ಸಾಲಲಿಲ್ಲ. "ನಿಮ್ಮ ಮನೆ ದೊಡ್ಡದದೆ, ಇಟ್ಕೊಳ್ರಿ ಭಾಬಿ. ಮಾರಾಕೆ ಮನಸ್ಸು ಬರಲ್ಲ" ಎಂದು ಇಳಿಸಿ ಹೋದರು.

ನಾನು ಓದಿಕೊಂಡವಳು ನೋಡಿ, ಸುಮ್ಮನಿರಲಾಗಲಿಲ್ಲ. ಗಂಬಳಿಯನ್ನು ಮಗುಚಿ ಹಿಂಬದಿಯ ಗಂಟುಗಳನ್ನು ಪರೀಕ್ಷಿಸಿದೆ. ಕೈನೇಯ್ಗೆಯದಾದರೆ ಹಿಂದೆಯೂ ಚಿತ್ತಾರ ಮುಂದಿನಷ್ಟೇ ಸ್ಪಷ್ಟ. ಅಂಚಿನ ಕುಚ್ಚು ಹೊಲಿದದ್ದಲ್ಲ, ಹಾಸುನೂಲಿನದೇ ತುದಿ. ಎಳೆ ಮಲಗಿದ ದಿಕ್ಕಿಗೇ ಗುಡಿಸಬೇಕು, ಏನಾದರೂ ಚೆಲ್ಲಿದರೆ ಉಜ್ಜದೆ ಒಣಬಟ್ಟೆಯಿಂದ ಒತ್ತಬೇಕು, ಒಂದೇ ಕಡೆ ಸವೆಯದಂತೆ ಆಗಾಗ ತಿರುಗಿಸಿ ಹಾಸಬೇಕು. ಎಲ್ಲಕ್ಕಿಂತ ಮುಖ್ಯ, ನೀರು ತಾಗಿಸಬಾರದು. ಇಷ್ಟನ್ನೂ ಪರ್ಶಿಯಾದ ಇಸ್ಫಹಾನಿನಲ್ಲೇ ಹುಟ್ಟಿದವಳಂತೆ ಮನೆಮಂದಿಗೆ ಉಪದೇಶಿಸಿದೆ. ನನ್ನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬ ಧೈರ್ಯ ನನಗಿತ್ತು.

ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಇದು ಉಣ್ಣೆದನೇ ಕೂಸೇ?"

"ಹೌದು."

"ಹಾಂಗಾರೆ ಮಡಿಗೆ ಅಡ್ಡಿಲ್ಲೆ."

ಹತ್ತಿಯ ಸೀರೆಯನ್ನು ಎಷ್ಟು ಒಗೆದು ಒಣಗಿಸಿದರೂ ಯಾರಾದರೂ ಮುಟ್ಟಿದರೆ ಮುಗಿಯಿತು. ಉಣ್ಣೆಗೆ ಮೈಲಿಗೆಯೇ ಇಲ್ಲ. ಹೀಗೆ ಯಾವುದೋ ಸುಲ್ತಾನನ ಪಾದಕ್ಕೆಂದು ಬಳ್ಳಿ ಬಿಟ್ಟು ಹೂವರಳಿಸಿಕೊಂಡ ಗಂಬಳಿ ಮಧ್ಯಾಹ್ನದೊಳಗೆ ಅತ್ತೆಯ ಜಪದ ಆಸನವಾಯಿತು. ಅಸಲಿಯೋ ನಕಲಿಯೋ ಎಂಬ ಸಂಶಯ ಮಾತ್ರ ನನಗೆ ಉಳಿದಿತ್ತು. ಒಂದೆಳೆ ಕಿತ್ತು ಸುಟ್ಟರೆ ತಿಳಿಯುತ್ತದಂತೆ; ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಕೀಳಲು ಮನಸ್ಸಾಗಲಿಲ್ಲ.

ಆ ಸಂಜೆ ಅತ್ತೆ ಬತ್ತಿ ಸರಿಮಾಡಲು ಬಾಗಿದಾಗ ದೀಪ ವಾಲಿತು. ಎಣ್ಣೆ ಉರಿಯುತ್ತಲೇ ಗಂಬಳಿಯ ಮೇಲೆ ಹರಿಯಿತು. ಅವರ ಸೆರಗಿಗೂ ಬೆಂಕಿಗೂ ಒಂದು ಗೇಣು ಅಂತರ. ಬಾಗಿಲಲ್ಲಿದ್ದ ನನ್ನ ಕೈಯಲ್ಲಿ ನೀರು ತುಂಬಿದ ಚೊಂಬು. ಎತ್ತಿಯೇಬಿಟ್ಟೆ.

"ನೀರು ಹಾಕಡ!"

ಆ ಕೂಗಿಗೆ ನನ್ನ ಕೈ ಅಲ್ಲೇ ನಿಂತಿತು. ಅತ್ತೆ ಹಿಂದೆ ಸರಿದು, ಗಂಬಳಿಯ ಮೂಲೆ ಎತ್ತಿ ಉರಿಯ ಮೇಲೆ ಮಡಚಿ, ಮೇಲೊಂದು ಮಣೆ ಹೇರಿ, ಅದರ ಮೇಲೆ ನಿಂತೇಬಿಟ್ಟರು. ಹೊಗೆ ಎದ್ದಿತು. ಬೆಂಕಿ ಏಳಲಿಲ್ಲ.

"ನೀರು ತಾಗ್ಸಲಾಗ ಹೇಳಿ ನೀನೇ ಹೇಳಿದ್ದಲ್ದನೇ?" ಎಂದರು ಮಣೆಯ ಮೇಲಿಂದಲೇ. "ಮತ್ತೆ ನೀನೇ ಚೊಂಬು ಹಿಡ್ಕಂಡು ಬಂದ್ಯಲೇ!"

ಉರಿಯುವ ಎಣ್ಣೆಗೆ ನೀರು ಸುರಿದರೆ ಬೆಂಕಿ ಮುಖಕ್ಕೇ ಚಿಮ್ಮುತ್ತದೆಂದು ಬಿ.ಎಸ್ಸಿ.ಯಲ್ಲಿ ಓದಿದ್ದು ನನಗೆ ನೆನಪಾದದ್ದು ಆಮೇಲೆ. ಅತ್ತೆ ಉಳಿಸಹೊರಟದ್ದು ಗಂಬಳಿಯನ್ನು. ಜೀವಮಾನದಲ್ಲಿ ಅವರು ನನ್ನ ಒಂದೇ ಒಂದು ಮಾತು ಕೇಳಿದ್ದರು, ಅದು ಅವತ್ತು.

ಸುದ್ದಿ ಕೇಳಿ ಬಂದ ರಫೀಕ್ ಸುಟ್ಟ ಮೂಲೆಯನ್ನು ಮೂಸಿದರು. "ಅಸಲಿ ಮಾಲು ಭಾಬಿ. ಕೂದಲಿನ ವಾಸ್ನೆ ನೋಡ್ರಿ. ಪ್ಲಾಸ್ಟಿಕ್ ಆಗಿದ್ರೆ ಭಗ್ಗಂತ..." ಎಂದು ಅತ್ತೆಯತ್ತ ನೋಡಿ ಮೂಲೆಯನ್ನು ಕೆಳಗಿಟ್ಟರು. ಅವರು ಬಿಟ್ಟ ಆ ವಾಕ್ಯವನ್ನು ನಾನು ದಿನಾ ಸಂಜೆ ಪೂರ್ತಿ ಮಾಡುತ್ತೇನೆ. ಕೆಲವೊಮ್ಮೆ ನನ್ನ ಚೊಂಬನ್ನೂ ಅದರಲ್ಲಿ ಸೇರಿಸಿಕೊಳ್ಳುತ್ತೇನೆ.

ಹೊಸ್ತಿಲು ಒರೆಸಿ ಸಾಕಾಗಿ, ಈಗ ಕೆಲವು ದಿನಗಳಿಂದ ಒಳಗೇ ಹೋಗಿ ಸುಟ್ಟ ಮೂಲೆಯ ಮೇಲೆ ಕೂರುತ್ತಿದ್ದೇನೆ. ಕಣ್ಣು ದೀಪದ ಮೇಲೆ. "ಅಂತೂ ಕೂಸಿಗೆ ಭಕ್ತಿ ಬಂತು" ಎಂದು ಅತ್ತೆ ನೆರೆಯವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ನಾನು ತಿದ್ದಲು ಹೋಗಿಲ್ಲ. ರತ್ನಗಂಬಳಿಗೆ ಭಾರ ಒಂದೇ ಕಡೆ ಬೀಳಬಾರದಂತೆ. ಆ ಬದಿಗೆ ಅವರು, ಈ ಬದಿಗೆ ನಾನು.